ರಾಣಿಯ ಉಡುಪಿನ ಒಳಹೊಲಿಗೆ

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಮಗಳು ನಾಟಕದಲ್ಲಿ ತೊಡುತ್ತಿದ್ದ ರಾಣಿಯ ನಿಲುವಂಗಿಯನ್ನು ಕಳಿಸುತ್ತಿದ್ದೇನೆ. ಕೊನೆಯ ಪ್ರದರ್ಶನದಲ್ಲೂ ಅದು ಮೈಗೆ ಸರಿಯಾಗಿತ್ತು, ಅವಳು ಸೊರಗಿದ್ದು ಹೆತ್ತವಳಿಗೇ ಕಾಣಲಿಲ್ಲವಲ್ಲ ಎಂದು ಕೊರಗಬೇಡಿ. ನಿಮ್ಮ ಕಣ್ಣಿಗೆ ಮಣ್ಣೆರಚಿದ್ದು ನನ್ನ ಸೂಜಿ.

ಹಳೇ ಕಾಲದ ವೇಷಗಳನ್ನು ಹೊಲಿಯುವಾಗ ಒಳಗೆ ನಾಲ್ಕು ಬೆರಳು ಹೆಚ್ಚಿಗೆ ಬಟ್ಟೆ ಬಿಡುತ್ತೇವೆ. ಮುಂದೆ ಯಾರು ತೊಡುತ್ತಾರೋ ಯಾರಿಗೆ ಗೊತ್ತು? ಕಾಯಿಲೆಯಲ್ಲಿ ಅವಳ ಮೈ ಇಳಿದಂತೆಲ್ಲ ಬಟ್ಟೆಯನ್ನು ಒಳಗೇ ಮಡಚಿ ಗುಟ್ಟಾಗಿ ಬಿಗಿ ಮಾಡುತ್ತಾ ಬಂದೆ. ಅವಳಿಗೂ ತಿಳಿದಿಲ್ಲ ಅಂದುಕೊಂಡಿದ್ದೆ. ಕೊನೆಯ ದಿನ ಗುಂಡುಸೂಜಿ ಡಬ್ಬಿಯನ್ನು ಅವಳೇ ತಂದುಕೊಟ್ಟಳು. "ಅಕ್ಕಾ, ಇವತ್ತು ಇನ್ನೊಂಚೂರು ಬಿಗಿ ಮಾಡು. ಅಮ್ಮ ಮುಂದಿನ ಸಾಲಲ್ಲೇ ಕೂತಿರ್ತಾಳೆ."

ಇದನ್ನು ನಿಮ್ಮ ಚಿಕ್ಕ ಮಗಳಿಗೆ ತೊಡಿಸುವುದಾದರೆ ಮೊದಲು ಒಳಹೊಲಿಗೆ ಬಿಚ್ಚಿಸಿ. ಎಲ್ಲೂ ಕತ್ತರಿ ಹಾಕಿಲ್ಲ. ಬಟ್ಟೆಯಾದರೂ ಮೊದಲಿನ ಅಳತೆಗೆ ಬರುತ್ತದೆ.

ಇಂತಿ,
ಅವಳ ದರ್ಜಿ ಅಕ್ಕ