ಅವ್ವ ಸುಲಿದ ಕಡಲೆಕಾಯಿ

ಅಪ್ಪಾ,

ಅವ್ವ ಇವತ್ತು ಬಲಗೈಯಲ್ಲಿ ಕಡಲೆಕಾಯಿ ಸುಲಿದಳು! ಓದಲು ನೀನಿಲ್ಲವೆಂದು ಗೊತ್ತಿದ್ದೂ, ಮೊದಲು ನಿನಗೇ ಹೇಳಬೇಕೆನ್ನಿಸಿತು.

ಅವಳಿಗೂ ನಿನ್ನ ಹಾಗೇ ಲಕ್ವ ಹೊಡೆಯಿತು. ಶಿರಾದ ಆರೈಕೆ ಕೇಂದ್ರಕ್ಕೆ ಸೇರಿಸಿ ಐದು ವಾರವಾಯಿತು. ವ್ಯಾಯಾಮ ಮಾಡಿಸುವ ಶರಣ್ಯಾ ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದರೆ, "ಆಟ ಆಡಾಕೆ ನಾನೇನು ಕೂಸಾ?" ಎಂದು ಎಡಗೈಯಲ್ಲಿ ಎಸೆಯುತ್ತಿದ್ದಳು. ಅದಕ್ಕೇ ನಿನ್ನೆ ಬರಗೂರಿನ ಮನೆಗೆ ಹೋಗಿ, ಬಿತ್ತನೆಗೆಂದು ಇಟ್ಟಿದ್ದ ಕಡಲೆಕಾಯಿ ತಂದೆ. ಇವತ್ತು ಮೊರಕ್ಕೆ ಸುರಿದು ಅವಳ ತೊಡೆಯ ಮೇಲಿಟ್ಟೆ. ಮೆಷೀನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಕೈಯಲ್ಲೇ ಸುಲಿಯಬೇಕು ಎಂದು ವರ್ಷಾವರ್ಷ ಹಟ ಹಿಡಿಯುತ್ತಿದ್ದವಳು ಅವಳೇ ತಾನೆ?

ಅರ್ಧ ಗಂಟೆ ಒಂದೇ ಕಾಯಿಯ ಜೊತೆ ಗುದ್ದಾಡಿದಳು. ಬೆರಳು ನಡುಗುತ್ತಿತ್ತು, ಕಾಯಿ ಜಾರುತ್ತಿತ್ತು. ನೋಡಲಾಗದೆ ನಾನು ಕೈ ಚಾಚಿದೆ.

"ಬುಡು ಕಣಮ್ಮ, ನಂಗೂ ಕೈ ಐತೆ," ಎಂದು ತಳ್ಳಿದಳು.

ಸಿಪ್ಪೆ ಟಪ್ಪೆಂದಿತು. ಒಳಗಿನ ಎರಡೂ ಬೀಜ ಇಡಿಯಾಗಿದ್ದವು. ಶರಣ್ಯಾ ಚಪ್ಪಾಳೆ ತಟ್ಟಿದಳು, ಅಕ್ಕಪಕ್ಕದ ಮಂಚದವರೂ ತಟ್ಟಿದರು. ಅವ್ವ ತಲೆ ಎತ್ತಲಿಲ್ಲ. "ಚಪ್ಪಾಳೆ ಆಮ್ಯಾಕೆ ಹೊಡೀರಿ, ಮೊರದಾಗೆ ಇನ್ನೂ ಕಾಯಿ ಐತೆ," ಎಂದಳು. ಸಂಜೆಗೆ ಒಂದು ಬೊಗಸೆ ಬೀಜ ಆಗಿತ್ತು, ಅಪ್ಪಾ!

ನಿನ್ನ ಬಲಗೈ ಸ್ವಾಧೀನ ತಪ್ಪಿದ ಮೇಲೆ, ಮೂರು ವರ್ಷ, ನೀರಿನ ಲೋಟವನ್ನೂ ನಾನು ನಿನಗೆ ಎತ್ತಲು ಬಿಡಲಿಲ್ಲ. ನಾನೇ ಕುಡಿಸಿದೆ. ಮಗಳೆಂದರೆ ಹೀಗಿರಬೇಕು ಎಂದು ಊರೆಲ್ಲ ಹೊಗಳಿತು.

ಇವತ್ತು ಸಂಜೆಯವರೆಗೂ ನಾನು ಕೈಕಟ್ಟಿ ಕೂತಿದ್ದೆ.