ಷಡ್ಡಕನ ಸೈಲೆನ್ಸರ್

ನವೆಂಬರ್ 4, ಭಾನುವಾರ. ಬೆಳಿಗ್ಗೆ 11

ಫ್ಯಾನ್ ಬಿಚ್ಚಿ ಒರೆಸಿ ಮತ್ತೆ ಹಾಕಿದೆ. ಬಚ್ಚಲ ಬಾಗಿಲಿನ ಕೀಲಿಗೆ ಎಣ್ಣೆ. ವಾರವಿಡೀ ಡಿಪೊದಲ್ಲಿ ಬಸ್ಸಿನ ಕೆಳಗೆ ಮಲಗಿದ್ದು ಸಾಲದು ಅಂತ ಭಾನುವಾರ ಮನೆಯ ರಿಪೇರಿ. ಬೇಜಾರಿಲ್ಲ. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ.

ಇವಳು ತಂಗಿಯ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ. ಇಟ್ಟ ಮೇಲೆ ಸುದ್ದಿ — ತಂಗಿಯ ಗಂಡ, ಅಂದರೆ ನನ್ನ ಷಡ್ಡಕನಿಗೆ ಪಾರ್ಸೆಲ್ ಬಂದಿದೆಯಂತೆ. ಆಳೆತ್ತರದ ಡಬ್ಬ. ಅವನ ಪಿಕಪ್ಪಿಗೆ ಹೊಸ ಸೈಲೆನ್ಸರ್. ಸ್ಟೀಲಿನದು, ಪೈಪು ಕ್ಲಾಂಪು ಸಮೇತ ಪೂರ್ತಿ ಸೆಟ್.

"ಯಾರು ಹಾಕ್ತಾರಂತೆ?" ಅಂದೆ. ನನ್ನನ್ನೇ ಕರೆಯುತ್ತಾರೆ, ಬರುವ ಭಾನುವಾರ ಬಿಡುವು ಮಾಡಿಕೊಳ್ಳಬೇಕು ಅಂತ ಆಗಲೇ ಮನಸ್ಸಿನಲ್ಲಿ.

"ಅವರೇ ಹಾಕ್ಕೋತಾರಂತೆ ಕಣ್ರೀ. ಮನೆ ಮುಂದೇನೆ. ವಿಡಿಯೋ ನೋಡಿ ಎಲ್ಲಾ ಕಲ್ತುಬಿಟ್ಟಿದಾರಂತೆ."

ಗಾಜು ಕತ್ತರಿಸುವವನು. ಕನ್ನಡಿ, ಕಿಟಕಿ ಗಾಜಿನ ಅಂಗಡಿಯವನು. ಸೈಲೆನ್ಸರ್ ಹಾಕುತ್ತಾನಂತೆ! ನಾನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವುದು ಅದೇ ಕೆಲಸ. ಒಂದು ಮಾತು ಕೇಳಬಾರದೇ?

ಕೇಳದಿದ್ದರೆ ಕತ್ತೆ ಬಾಲ.

ನವೆಂಬರ್ 6, ಮಂಗಳವಾರ. ಡಿಪೊ, ಊಟದ ಬಿಡುವು

ಹೊಟ್ಟೆಕಿಚ್ಚು. ಹೌದು, ಅದೇ. ಬೇರೆ ಹೆಸರಿಟ್ಟು ಏನು ಪ್ರಯೋಜನ.

ಹನ್ನೊಂದು ವರ್ಷ ಆ ಮನೆಗೆ ನಾನೊಬ್ಬನೇ ಅಳಿಯ. ಮೋಟರ್, ಮಿಕ್ಸಿ, ಸೋರುವ ನಲ್ಲಿ — ಎಲ್ಲಕ್ಕೂ ನಾನು. "ಅಳಿಯಂದ್ರು ಕೈ ಇಟ್ರೆ ಸಾಕು" ಅನ್ನುತ್ತಿದ್ದರು ಮಾವ. ಊಟಕ್ಕೆ ಕೂತರೆ ಅತ್ತೆ ಮೊದಲು ನನ್ನ ತಟ್ಟೆಗೇ ಬಡಿಸುತ್ತಿದ್ದರು. ಐದು ವರ್ಷದ ಹಿಂದೆ ನಾದಿನಿಯ ಮದುವೆಯಾಯಿತು. ಅವತ್ತಿನಿಂದ ನಾನು "ದೊಡ್ಡ ಅಳಿಯಂದ್ರು". ದೊಡ್ಡವನಾದದ್ದೇ ಬಂತು, ಕೇಳುವವರಿಲ್ಲ. ಚಿಕ್ಕ ಅಳಿಯ ನಗಿಸುತ್ತಾನೆ. ಚಿಕ್ಕ ಅಳಿಯ ಅತ್ತೆಯ ಮಾತ್ರೆ ತಂದುಕೊಡುತ್ತಾನೆ. ಹೋದ ತಿಂಗಳು ನೋಡಿದರೆ ಅಡುಗೆಮನೆಗೆ ಹೊಸ ನಲ್ಲಿ. ನಾನು ಬಾಯಿ ತೆಗೆಯುವ ಮೊದಲೇ ಮಾವ, "ಚಿಕ್ಕ ಅಳಿಯಂದ್ರು ಹತ್ತೇ ನಿಮಿಷದಲ್ಲಿ ಹಾಕಿಬಿಟ್ರು."

ಆ ನಲ್ಲಿ ಎಡಕ್ಕೆ ವಾಲಿದೆ. ಯಾರ ಕಣ್ಣಿಗೂ ಬಿದ್ದಿಲ್ಲ. ನನಗೆ ಮಾತ್ರ ಬೇರೇನೂ ಕಾಣಲಿಲ್ಲ.

ಅವನು ಒಳ್ಳೆಯವನು, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ನವೆಂಬರ್ 11, ಭಾನುವಾರ. ಸಂಜೆ 6.30

ಹೋಗಬಾರದು ಅಂದುಕೊಂಡಿದ್ದೆ. ಹೋದೆ. ಇವಳು ತಂಗಿಗೆ ಯಾವುದೋ ಸ್ವೆಟರ್ ಕೊಡಬೇಕಂತೆ — ನೆಪ ಸಾಕಾಯಿತು.

ಮನೆ ಮುಂದೆ ಜನವೋ ಜನ. ಮಾವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಅತ್ತೆ ಮೆಟ್ಟಿಲ ಮೇಲೆ, ಪಕ್ಕದ ಮನೆಯ ದರ್ಜಿ ಗೇಟಿಗೆ ಒರಗಿ. ಗಾಡಿಯ ಕೆಳಗಿನಿಂದ ಎರಡು ಕಾಲು. ಷಡ್ಡಕನವು.

ತಪ್ಪು ಹುಡುಕಲು ಬಗ್ಗಿ ಬಗ್ಗಿ ನೋಡಿದೆ. ಜಾಕ್ ತೆಗೆದು ಸ್ಟ್ಯಾಂಡಿನ ಮೇಲೆ ಕೂರಿಸಿದ್ದ. ಚಕ್ರಕ್ಕೆ ಮರದ ತುಂಡು ಕೊಟ್ಟಿದ್ದ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದನಂತೆ. ಪೈಪು ತೂಗುಹಾಕುವ ರಬ್ಬರಿಗೆ ಸೋಪಿನ ನೀರು ಹಚ್ಚಿ ಜಾರಿಸುತ್ತಿದ್ದ. ಕ್ಲಾಂಪುಗಳನ್ನೆಲ್ಲ ಮೊದಲು ಸಡಿಲವಾಗಿ ಹಾಕಿ, ಪೈಪು ನೇರ ಮಾಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡಬೇಕು — ನಮ್ಮ ಡಿಪೊದಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಇವನಿಗೆ ಗೊತ್ತಿತ್ತು.

"ಅಣ್ಣಾ, ಬಂದ್ರಾ! ಕೂತ್ಕೊಳ್ಳಿ. ನೀವೇನೂ ಮುಟ್ಬೇಡಿ, ಭಾನುವಾರನಾದ್ರೂ ನಿಮ್ಗೆ ರೆಸ್ಟ್ ಬೇಡ್ವಾ?"

ಮಾವ, "ದೊಡ್ಡ ಅಳಿಯಂದ್ರೇ, ನೋಡ್ಕೊಳ್ಳಿ. ನೀವು ರಜ ಹಾಕಿದ ದಿನ ಡಿಪೊಗೆ ಇವ್ರನ್ನೇ ಕಳಿಸ್ಬಹುದು."

ಎಲ್ಲರೂ ನಕ್ಕರು. ಇವಳೂ ನಕ್ಕಳು. ನಾನೂ ನಕ್ಕೆ, ದವಡೆ ನೋಯುವಷ್ಟು.

ಬಿಡಿಭಾಗಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ಮಾವ ಗ್ಯಾಸ್ಕೆಟ್ ಎತ್ತಿಕೊಂಡು "ಇದೇನಿದು ಬಳೆ?" ಅಂದರು. ಅವನು ಕೆಳಗಿನಿಂದಲೇ ಪಾಠ ಮಾಡಿದ. "ಎರಡು ಪೈಪ್ ಸೇರೋ ಕಡೆ ಮಧ್ಯೆ ಕೂರೋ ರಿಂಗು, ಮಾವ. ಅದಿಲ್ದಿದ್ರೆ ಹೊಗೆ ಅಲ್ಲೇ ಸೋರುತ್ತೆ." ನಾನು ಹೇಳಬೇಕಾದ ಮಾತು ಅವನ ಬಾಯಲ್ಲಿ. ಮಾವ ತಲೆದೂಗಿದ್ದೇ ತೂಗಿದ್ದು.

ನಾದಿನಿ ಟೀ ತಂದಳು. ಎಲ್ಲರೂ ಲೋಟದ ಕಡೆ ತಿರುಗಿದರು. ಬಗ್ಗಿ ಗ್ಯಾಸ್ಕೆಟ್ ಎತ್ತಿಕೊಂಡೆ. ನೋಡಲಿಕ್ಕೆ ಅಂತಲೇ. ಕೈ ಜೇಬಿಗೆ ಹೋಯಿತು... ಹೋಯಿತು ಅಂತ ಬರೆಯುವುದು ಸುಳ್ಳು. ನಾನೇ ಹಾಕಿಕೊಂಡೆ.

ಹತ್ತು ನಿಮಿಷ ಹುಡುಕಿದ. ಚೀಲ ಕೊಡವಿದ, ಡಬ್ಬ ತಲೆಕೆಳಗು ಮಾಡಿದ. ಮಗಳದ್ದೇ ಕೆಲಸ ಇರಬೇಕು ಅಂತ ಅವಳ ಅಂಗೈ ಬಿಡಿಸಿ ನೋಡಿದ. ಮೂರು ವರ್ಷದ ಮಗು, ಏನೂ ತಿಳಿಯದೆ ಕೈ ಚಾಚಿಕೊಂಡು ನಿಂತಿತ್ತು. ನಾನೂ ಹುಡುಕಿದೆ. ಟೈರಿನ ಹಿಂದೆಲ್ಲ ಇಣುಕಿದೆ. ಎಂಥ ನಟನೆ!

ಕೊನೆಗೆ ಹಳೆಯ ರಿಂಗಿಗೇ ಸೀಲಿಂಗ್ ಪೇಸ್ಟ್ ಬಳಿದ. "ಸದ್ಯಕ್ಕೆ ನಡೆಯುತ್ತಾ ಅಣ್ಣಾ?" ಅಂದ. ಇಡೀ ದಿನದಲ್ಲಿ ನನ್ನನ್ನು ಕೇಳಿದ ಒಂದೇ ಪ್ರಶ್ನೆ.

"ನಡೆಯುತ್ತೆ" ಅಂದೆ.

ವಾರದೊಳಗೆ ಪುಸ್ ಪುಸ್ ಅನ್ನಲು ಶುರುವಾಗುತ್ತದೆ. ಆಗ ಬರಲಿ ನನ್ನ ಹತ್ತಿರ. ಎಲ್ಲರ ಮುಂದೆ ಸರಿಮಾಡಿಕೊಡುತ್ತೇನೆ. ಅಷ್ಟೇ ಆಸೆ.

ನವೆಂಬರ್ 12, ಸೋಮವಾರ

ಬಟ್ಟೆ ನೆನೆಸುವಾಗ ಜೇಬಲ್ಲಿ ಸಿಕ್ಕಿತಂತೆ. "ಇದೇನ್ರೀ?" "ಡಿಪೊದ್ದು." ತೊಳೆದು ಒರೆಸಿ ಕಪಾಟಿನಲ್ಲಿಟ್ಟಿದ್ದಾಳೆ, ಪಾಪ.

ನವೆಂಬರ್ 15, ಗುರುವಾರ

ಪಿಕಪ್ ನಮ್ಮ ಬೀದಿಗೆ ಬಂತು. ಏನು ಸದ್ದು! ತುಂಬಿದ ಗಂಟಲಿನ ಗುಡುಗು. ಮೂಲೆ ತಿರುಗುವ ಮೊದಲೇ ಇವಳು ಬಾಗಿಲಿಗೆ ಓಡಿದಳು. ನಾನು ಕಿವಿಗೊಟ್ಟು ನಿಂತೆ. ಪುಸ್ ಪುಸ್ ಇಲ್ಲ. ಇದ್ದರೂ ಆ ಗುಡುಗಿನಲ್ಲಿ ಯಾರಿಗೆ ಕೇಳಬೇಕು? ಇಪ್ಪತ್ತೆರಡು ವರ್ಷದ ಅನುಭವಸ್ಥನಿಗೆ ಇದು ಹೊಳೆಯಲಿಲ್ಲ. ಶಭಾಷ್.

"ಹೆಂಗಿದೆ ಅಣ್ಣಾ?"

"ಪರವಾಗಿಲ್ಲ."

ಊಟ ಸೇರಲಿಲ್ಲ.

ನವೆಂಬರ್ 25, ಭಾನುವಾರ. ಸಂಜೆ

ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ. ಮಗು ಎದ್ದಿರಲಿಲ್ಲ, ಷಡ್ಡಕ ಗಾಡಿಯಿಂದ ಹೆಗಲ ಮೇಲೆ ಹಾಕಿಕೊಂಡು ಬಂದ. "ಈಗೀಗ ಗಾಡಿ ಹತ್ತಿದ್ರೆ ಸಾಕು, ನಿದ್ದೆ" ಅಂತ ನಗು. ಅತ್ತೆ, "ಅಪ್ಪನ ಗಾಡಿ ತೊಟ್ಟಿಲಾಗಿದೆ." ನಾದಿನಿ ಹಣೆ ಒತ್ತಿಕೊಳ್ಳುತ್ತಾ ಕೂತಿದ್ದಳು. "ಎರಡು ವಾರದಿಂದ ಯಾಕೋ ತಲೆನೋವು ಭಾವ. ಮನೇಲಿದ್ರೆ ಸರಿ ಇರ್ತೀನಿ."

ಆ ಗ್ಯಾಸ್ಕೆಟ್ ನೆನಪಾಯಿತು.

ನೀರು ಕುಡಿಯುವ ನೆಪದಲ್ಲಿ ಎದ್ದು ಗಾಡಿಯ ಬಾಗಿಲು ತೆಗೆದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದೆ. ನೇರ ಕೆಳಗೇ ಆ ರಿಂಗಿನ ಪೈಪು ಜೋಡಣೆ. ಹೊಗೆ ಒಳಗೆ ಬರುತ್ತಿದೆ. ಪೆಟ್ರೋಲ್ ಗಾಡಿ. ಡೀಸೆಲ್ ಆಗಿದ್ದರೆ ಕಣ್ಣುರಿದಾದರೂ ಗೊತ್ತಾಗುತ್ತಿತ್ತು. ಇದರ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿ ಅಂತ ಕಿಟಕಿ ಬೇರೆ ಮುಚ್ಚಿರುತ್ತಾರೆ.

ಹೇಳಬೇಕಿತ್ತು. ಎಲ್ಲರೂ ಅಲ್ಲೇ ಇದ್ದರು. ಬಾಯಿಂದ ಬಂದದ್ದು ಇಷ್ಟು — "ಕಿಟಕಿ ತೆಗೆದು ಓಡ್ಸಪ್ಪಾ. ಒಂದ್ಸಲ ಡಿಪೊ ಹತ್ರ ತಗೊಂಡ್ ಬಾ, ನೋಡೋಣ."

"ಈ ಚಳೀಲಿ ಕಿಟಕೀನಾ? ಆಯ್ತಣ್ಣಾ, ಬಿಡುವಾದಾಗ ತರ್ತೀನಿ."

ಮಾವ ಕಣ್ಣು ಮಿಟುಕಿಸಿದರು. "ತಪ್ಪು ಹುಡುಕ್ಲೇಬೇಕು ಅಲ್ವಾ, ದೊಡ್ಡ ಅಳಿಯಂದ್ರೇ?"

ನವೆಂಬರ್ 28, ಬುಧವಾರ

ತರಲಿಲ್ಲ. ನಾನೇ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಲಿಲ್ಲವಲ್ಲ ಅಂತ ಸಮಾಧಾನವಾಯಿತು. ಥೂ, ನನ್ನ ಜನ್ಮಕ್ಕೆ.

ಡಿಸೆಂಬರ್ 1, ಶನಿವಾರ. ಬೆಳಿಗ್ಗೆ 9.10

ಎರಡನೇ ಪಾಳಿ. ತಿಂಡಿಗೆ ಕೂತಿದ್ದೆ. ಇವಳು, "ತಂಗಿ ಮನೆಯವರೆಲ್ಲ ಆರಕ್ಕೇ ಹೊರಟ್ರಂತೆ. ಬೆಟ್ಟದ ಮೇಲೆ ಅವಳ ಗಂಡನ ಅಕ್ಕನ ಮನೆಗೆ. ಐದು ಗಂಟೆ ದಾರಿ."

ತಟ್ಟೆ ಹಾಗೇ ಇದೆ. ಮೂರು ಸಲ ಫೋನ್. ಸಿಗ್ನಲ್ ಇಲ್ಲ.

9.35

ಸಿಗ್ನಲ್ ಇಲ್ಲ. ಇವಳು ಯಾಕೆ ಅಂತ ಕೇಳುತ್ತಿದ್ದಾಳೆ.

9.50

ಎತ್ತಿದ. ಮಗು ಎರಡು ಸಲ ವಾಂತಿ ಮಾಡಿತಂತೆ. ಎಬ್ಬಿಸಿದರೆ ಕಣ್ಣು ಬಿಡುತ್ತಿಲ್ಲವಂತೆ. ಆಗಷ್ಟೇ ಒಂದು ಊರು ಸಿಕ್ಕಿದೆ, ಆಸ್ಪತ್ರೆ ಕೇಳುತ್ತಿದ್ದಾನೆ. "ಎಲ್ರೂ ಮೊದ್ಲು ಗಾಡಿಯಿಂದ ಇಳೀರಿ! ಬೇರೆ ಆಟೋ ಹಿಡೀರಿ! ಸೈಲೆನ್ಸರ್ ಹೊಗೆ ಒಳಗೆ ಬಂದಿದೆ ಅಂತ ಡಾಕ್ಟ್ರಿಗೆ ಹೇಳು!" ಬೀದಿಯವರಿಗೆಲ್ಲ ಕೇಳುವಂತೆ ಕೂಗಿದೆ.

ಕಪಾಟಿನಲ್ಲಿದ್ದ ಗ್ಯಾಸ್ಕೆಟ್ ಜೇಬಿಗೆ ಹಾಕಿಕೊಂಡು ಹತ್ತೂಕಾಲಿನ ಬಸ್ಸಿಗೆ ಹೊರಟೆ.

ಡಿಸೆಂಬರ್ 2, ಭಾನುವಾರ. ಮಧ್ಯಾಹ್ನ

ಮಗು ಉಳಿಯಿತು. ಅದನ್ನು ಮೊದಲು ಬರೆಯಬೇಕು.

ನಿನ್ನೆ ನಾನು ಹೋಗುವಷ್ಟರಲ್ಲಿ ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದ್ದರು. ನಾಲ್ಕು ಗಂಟೆಗೆ ಬಿಸ್ಕತ್ತು ಬೇಕು ಅಂತ ಅತ್ತಿತು. ಆ ಅಳು ಕೇಳಿ ವರಾಂಡದಲ್ಲಿ ಕೂತುಬಿಟ್ಟೆ. ಡಾಕ್ಟರು, "ಇನ್ನೊಂದರ್ಧ ಗಂಟೆ ಆಗಿದ್ರೆ ಕಷ್ಟ ಇತ್ತು. ಫೋನ್ ಮಾಡಿದ್ದು ಯಾರು?" ನಾದಿನಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಸಂಜೆಯ ಮೊದಲು ಪಿಕಪ್ ತರಿಸಿ ಆಸ್ಪತ್ರೆ ಅಂಗಳದಲ್ಲೇ ಕೆಳಗೆ ಮಲಗಿ ಆ ಗ್ಯಾಸ್ಕೆಟ್ ಕೂರಿಸಿದೆ. ಷಡ್ಡಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ.

"ಸರಿಯಾಗಿ ಇದೇ ಸೈಜು... ಎಲ್ಲಿ ಸಿಕ್ತಣ್ಣಾ?"

"ಡಿಪೊದಲ್ಲಿತ್ತು."

"ಅವತ್ತು ನಾನು ಕಳ್ಕೊಳ್ದೇ ಇದ್ದಿದ್ರೆ..." ಅಂದವನು ಅಲ್ಲೇ ಅಳಲು ಶುರುಮಾಡಿದ. ಓಡಾಡುವವರೆಲ್ಲ ನಿಂತು ನೋಡುತ್ತಿದ್ದರು. "ನನ್ ಕೈಯಾರೆ, ನನ್ ಮಗೂಗೆ ವಿಷ ಹಾಕ್ದೆ ಅಣ್ಣಾ. ನಿಮ್ಮನ್ನ ಕರೀಬೇಕಿತ್ತು. ಒಂದ್ಸಲ ಆದ್ರೂ ನಿಮ್ ಮುಂದೆ ಕೆಲ್ಸ ಮಾಡಿ ತೋರಿಸ್ಬೇಕು, ನಿಮ್ ಬಾಯಲ್ಲಿ ಭೇಷ್ ಅನ್ಸ್ಕೋಬೇಕು ಅಂತ ಆಸೆ ಇತ್ತು. ಅದಕ್ಕೇ ಕರೀಲಿಲ್ಲ."

ನಾನು ಗಾಡಿಯ ಕೆಳಗಿದ್ದೆ. ಹೊರಗೆ ಬರಲು ತುಂಬಾ ಹೊತ್ತು ಹಿಡಿಯಿತು.

ಡಿಸೆಂಬರ್ 5, ಬುಧವಾರ. ರಾತ್ರಿ ಊಟಕ್ಕೆ ಮುಂಚೆ

ಮಾವ ಡಿಪೊಗೇ ಬಂದಿದ್ದರು. ಮ್ಯಾನೇಜರ್ ಎದುರು ನನ್ನ ಬೆನ್ನು ತಟ್ಟಿದರು. "ನಮ್ ಮನೇಗೆ ನೀವೇ ದಿಕ್ಕು ಅಳಿಯಂದ್ರೇ." ದೊಡ್ಡ ಅನ್ನುವುದನ್ನು ಬಿಟ್ಟುಬಿಟ್ಟಿದ್ದರು. ಅಡುಗೆಮನೆ ನಲ್ಲಿ ವಾಲಿದೆಯಂತೆ, ಈಗ ಕಣ್ಣಿಗೆ ಬಿತ್ತಂತೆ, ಬಂದು ನೋಡಬೇಕಂತೆ.

ಬೇಕಾಗಿದ್ದೆಲ್ಲ ಸಿಕ್ಕಿತು.

ನಾದಿನಿ ಮಗುವನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ. ಗಂಡನ ಫೋನ್ ಎತ್ತುತ್ತಿಲ್ಲ. ಸಂಜೆ ಬಾಗಿಲಿಗೆ ಬಂದವನ ಕೈಗೆ ಮಗುವನ್ನು ಕೊಡಲಿಲ್ಲವಂತೆ. "ಹುಡುಗಾಟಕ್ಕೆ ನನ್ ಮಗಳೇ ಬೇಕಿತ್ತಾ?" ಅಂದಳಂತೆ. ಅವನು ತಲೆ ತಗ್ಗಿಸಿ ಹೋದನಂತೆ. ಇವಳು ಹೇಳುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿದ ನೋಟ... ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ. ಆ ನೋಟ ತಡೆಯಲಾಗದೆ ಎದ್ದು ಬಂದೆ.

ನಾಚಿಕೆಗೇಡು, ಆದರೂ ಬರೆಯುತ್ತೇನೆ. ನನಗೆ ಈಗಲೂ ಅವನನ್ನು ಕಂಡರೆ ಹೊಟ್ಟೆಕಿಚ್ಚು. ತಪ್ಪು ಮಾಡದವನು ಅಷ್ಟು ಜನರ ಎದುರು ಒಪ್ಪಿಕೊಂಡು ಅತ್ತ. ನನಗೆ ಈ ಪುಸ್ತಕದ ಎದುರು ಅಳಲಿಕ್ಕೂ ಆಗುತ್ತಿಲ್ಲ.

ಡಿಸೆಂಬರ್ 9, ಭಾನುವಾರ. ಬೆಳಿಗ್ಗೆ 10.40

ಬಂದಿದ್ದಾನೆ. ನಡೆದುಕೊಂಡೇ ಬಂದಿದ್ದಾನೆ, ಪಿಕಪ್ ಮಾರಾಟಕ್ಕಿಟ್ಟಾಯಿತಂತೆ. ಬಗಲಲ್ಲಿ ಸ್ಪ್ಯಾನರ್ ಸೆಟ್ಟಿನ ಡಬ್ಬ. "ಇದು ನಿಮ್ಮತ್ರ ಇರ್ಲಿ ಅಣ್ಣಾ. ಇನ್ನು ಇದನ್ನ ಮುಟ್ಟಲ್ಲ" ಅಂದ. ಗಡ್ಡ ಬಿಟ್ಟಿದ್ದಾನೆ. ಇವಳು ಮುಖ ತಿರುಗಿಸಿಕೊಂಡೇ ಟೀ ಇಟ್ಟು ಒಳಗೆ ಹೋದಳು. ಇವಳ ಕೈಯಲ್ಲೂ ಅವನಿಗೆ ಈ ಮರ್ಯಾದೆ.

ಕನ್ನಡಕ ತರುತ್ತೇನೆ ಅಂತ ಎದ್ದು ಬಂದಿದ್ದೇನೆ. ಹೇಳಿದರೆ ಈ ಮನೆಯೂ ಇಲ್ಲ, ಆ ಮನೆಯೂ ಇಲ್ಲ. ಹೇಳದಿದ್ದರೆ ಅವನಿಗೆ ಮಗು ಇಲ್ಲ.

ಟೀ ಲೋಟ ಕೆಳಗಿಟ್ಟ ಸದ್ದು. "ಬರ್ತೀನಣ್ಣಾ" ಅನ್ನುತ್ತಿದ್ದಾನೆ. "ಕೂತ್ಕೋ, ಬಂದೆ" ಅಂದೆ. ಇವಳನ್ನೂ ಕರೆದೆ. ಇಬ್ಬರೂ ಕಾಯುತ್ತಿದ್ದಾರೆ. ಎದುರು ನಿಂತಾಗ ನಾಲಿಗೆ ಮತ್ತೆ ಹೊರಳಿಬಿಟ್ಟರೆ? ಅದಕ್ಕೇ ಬರೆದುಕೊಂಡು ಹೋಗುತ್ತೇನೆ, ಓದಿಬಿಡುತ್ತೇನೆ —

ನೀನು ಕಳೆದದ್ದಲ್ಲ ಕಣೋ. ಅವತ್ತು ಎಲ್ಲರೂ ಟೀ ತಗೋತಿದ್ದಾಗ ನಾನೇ ಆ ಗ್ಯಾಸ್ಕೆಟ್ ಎತ್ತಿ ಜೇಬಿಗೆ ಹಾಕ್ಕೊಂಡೆ.