ಹತ್ತೊಂಬತ್ತು ಗೋಡೆಗಳ ಮೇಲಿನ ಸಾವು

ಸಿಮಿ ದ್ವೀಪ, ಮೇಲೂರು
ಅಕ್ಟೋಬರ್ ಹದಿನೇಳು, ಮಂಗಳವಾರ ಸಂಜೆ

ಪನೊರ್ಮಿತಿಸ್,

ಪ್ರೀತಿಯ ಎಂದು ಬರೆಯುವುದಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನೀನು ಕ್ಷೇಮವಾಗಿದ್ದೀಯೆಂದು ಇಡೀ ಊರಿಗೆ ಸಾಬೀತು ಮಾಡಿ ಈಗಷ್ಟೇ ಬಂದು ಕುಳಿತಿದ್ದೇನೆ, ಕಾಲು ಬಿಸಿನೀರಿನಲ್ಲಿದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಕಿವಿಗೆ ಕೇಳಿಸುವಷ್ಟು ಜೋರಾಗಿ ಕೂಗಿದರೆ ಬಂದರಿನವರೆಗೂ ಕೇಳುತ್ತದೆ, ಇವತ್ತಿನ ಮಟ್ಟಿಗೆ ಈ ಊರಿಗೆ ನಾನು ಒದಗಿಸಿದ ತಮಾಷೆ ಸಾಕು.

ನಿನ್ನ ದೊಡ್ಡಪ್ಪನ ಮಗ ತೀರಿಕೊಂಡ. ಪಕ್ಕದ ರೋಡ್ಸ್‌ನಲ್ಲಿದ್ದನಲ್ಲ, ದೋಣಿ ಕಟ್ಟುವಾಗ ಬಾಯಿತುಂಬ ಮೊಳೆ ಕಚ್ಚಿಕೊಂಡಿರುತ್ತಿದ್ದ ‘ಮೊಳೆ’ ಪನೊರ್ಮಿತಿಸ್. ಒಳ್ಳೆಯವನು, ದೇವರು ಅವನಿಗೆ ನೆಮ್ಮದಿ ಕೊಡಲಿ. ತಪ್ಪು ಅವನದಲ್ಲ. ತಪ್ಪು ನಿಮ್ಮ ಅಜ್ಜನ ಹೆಸರನ್ನು ಇಬ್ಬರು ಮೊಮ್ಮಕ್ಕಳಿಗೂ ಇಟ್ಟ ನಿಮ್ಮ ಮನೆತನದ್ದು. ಹೆಸರೂ ಒಂದೇ, ಮನೆತನವೂ ಒಂದೇ, ವಯಸ್ಸೂ ಒಂದೇ. ಅದಕ್ಕೇ ಊರು ಅವನನ್ನು ಮೊಳೆ ಎಂದಿತು, ನಿನ್ನನ್ನು ಸಪ್ಪೆ ಎಂದಿತು. ಆದರೆ ಆಸ್ಪತ್ರೆಯವರಿಗೆ ಮೊಳೆಯೂ ಗೊತ್ತಿಲ್ಲ, ಸಪ್ಪೆಯೂ ಗೊತ್ತಿಲ್ಲ. ಅವರು ನಿನ್ನೆ ಚರ್ಚಿಗೆ ಫೋನ್ ಮಾಡಿ ಕಾಗದದಲ್ಲಿದ್ದ ಹೆಸರು ಹೇಳಿದರು. ನಮ್ಮ ಪಾದ್ರಿ ಇಗ್ನಾತಿಯೊಸ್ ಬಂದು ಮೂರೇ ವರ್ಷವಾಯಿತು. ಆ ಹೆಸರಿನವನು ಒಬ್ಬನೇ ಎಂದು ತಿಳಿದು, ಸಂಜೆ ಟೋಪಿ ಸರಿಮಾಡಿಕೊಳ್ಳುತ್ತ ನನ್ನ ಬಾಗಿಲಿಗೆ ಬಂದರು.

ಅವರು ಬಾಯಿ ತೆರೆದಾಗಲೇ ನನಗೆ ಅನುಮಾನ ಬಂದಿತ್ತು. ನೀನು ಸಾಯುವಂಥವನಲ್ಲ.

ಬೆಳಿಗ್ಗೆ ರೊಟ್ಟಿಗೆಂದು ಹೋದರೆ ಬೇಕರಿಯ ಗೋಡೆಯ ಮೇಲೆ ಕಪ್ಪು ಅಂಚಿನ ಸಾವಿನ ಚೀಟಿ. ಮೇಲೆ ನಿನ್ನ ಹೆಸರು, ಕೆಳಗೆ: ಪತ್ನಿ, ಸೆವಾಸ್ತಿ. ಬೇಕರಿಯ ಥೆಮೆಲಿನಾ ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ನೀನು ಬಿಟ್ಟು ಹೋದ ಹನ್ನೊಂದು ವರ್ಷದಿಂದ ಒಂದೇ ರೊಟ್ಟಿ ಕೊಂಡು ಹೋಗುವವಳನ್ನು ಒಂದು ದಿನವೂ ಹೇಗಿದ್ದೀಯೆಂದು ಕೇಳದವಳು, ಇವತ್ತು ಎರಡು ರೊಟ್ಟಿ ಕೈಗಿತ್ತು, ಎಷ್ಟಾದರೂ ಗಂಡ ಗಂಡನೇ ಎಂದಳು. ಬದುಕಿದ್ದಾಗ ನೀನು ಗಂಡನಾಗಿರಲಿಲ್ಲವೇನೋ.

ಮನೆಗೆ ಬಂದರೆ ಮೆಟ್ಟಿಲ ಮೇಲೆ ಮೊಳೆಯ ತಂಗಿ ಕಲ್ಲಿರೊಯಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕಿತ್ತ ಚೀಟಿಯಿತ್ತು. ಸತ್ತವನು ಯಾರೆಂದು ಆಗಲೇ ನನಗೆ ಖಚಿತವಾದದ್ದು.

‘ನಮ್ಮಣ್ಣ ಮದ್ವೇನೇ ಆಗ್ಲಿಲ್ಲ ಕಣೆ,’ ಎಂದಳು. ‘ನೀನ್ಯಾವಾಗ ಅವನ್ ಹೆಂಡ್ತಿ ಆದೆ?’

ನೀನೇ ಹೇಳು, ಏನೆಂದು ಉತ್ತರಿಸುವುದು? ಹೊಸ ಪಾದ್ರಿಯ ಅವಾಂತರ, ನನಗೇನೂ ಗೊತ್ತಿಲ್ಲ ಎಂದು ಆಣೆ ಮಾಡಿದೆ. ಪಾದ್ರಿ ಬೆಳಗಿನ ದೋಣಿಗೆ ಶವ ತರಲು ರೋಡ್ಸ್‌ಗೆ ಹೋಗಿಯಾಗಿತ್ತು. ಚೀಟಿ ಅಂಟಿಸಿದ ಚರ್ಚಿನ ಮುದುಕ ಮಂಡಿನೋವೆಂದು ಮಲಗಿದ್ದ, ಹತ್ತೊಂಬತ್ತು ಅಂಟಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದ. ಸಂಜೆ ಶವ ಬರುವ ಹೊತ್ತಿಗೆ ಬ್ರಹ್ಮಚಾರಿ ಅಣ್ಣನಿಗೆ ಅಂಟಿದ ಹೆಂಡತಿಯನ್ನು ಕಿತ್ತು ಹಾಕದಿದ್ದರೆ ಶವದ ಮುಂದೆಯೇ ನನ್ನ ಮಾನ ಹರಾಜು ಹಾಕುತ್ತೇನೆಂದಳು ಕಲ್ಲಿರೊಯಿ. ಅವಳು ಮಾಡುತ್ತಾಳೆ, ಅವಳು ನಿಮ್ಮ ವಂಶದವಳೇ.

ಹೀಗೆ ನಾನು, ಅರವತ್ತೇಳು ವರ್ಷದವಳು, ಊರು ಸುತ್ತಲು ಹೊರಟೆ. ಗಾಳಿಗಿರಣಿಗಳ ಹತ್ತಿರ ಮೂರು, ಔಷಧಿ ಅಂಗಡಿಗೆ ಒಂದು. ಅಲ್ಲಿಯವನು ನಿದ್ದೆ ಮಾತ್ರೆ ಕೊಡಲು ಬಂದ, ನನಗೆ ಬೇಕಾದ್ದು ಚೀಟಿ ಕೆರೆಯುವ ಚಾಕು ಎಂದೆ. ಐನೂರು ಮೆಟ್ಟಿಲುಗಳ ಇಳಿಜಾರಿನಲ್ಲಿ ಆರು ಚೀಟಿ. ಪ್ರತಿ ತಿರುವಿನಲ್ಲೂ ಒಬ್ಬೊಬ್ಬಳು ಕುರ್ಚಿ ಹಾಕಿಕೊಂಡು ಕುಳಿತು ನಿನ್ನ ಗುಣಗಾನ ಮಾಡುತ್ತಿದ್ದಳು. ಎಂಥ ತಾಳ್ಮೆ, ಎಂಥ ದೊಡ್ಡ ಮನಸ್ಸು! ನಾನು ಪ್ರತಿಯೊಬ್ಬಳಿಗೂ ನಿಂತು, ಬದುಕಿದ್ದಾನೆ, ದೂರದ ಪಿರೇಯಸ್‌ನಲ್ಲಿ ಅಕ್ಕನ ಮನೆಯಲ್ಲಿ ಕುಳಿತು ತಿನ್ನುತ್ತಿದ್ದಾನೆ ಎಂದು ತಿಳಿಸಿದೆ. ಅವರ ಮುಖ ಇಳಿದುಹೋಯಿತು. ಬದುಕಿರುವ ನಿನ್ನಲ್ಲಿ ಯಾರಿಗೂ ಆಸಕ್ತಿಯಿಲ್ಲ ಕಣೋ.

ಬಂದರಿನ ಕಾಫಿ ಅಂಗಡಿಯಲ್ಲಿ ಗಂಡಸರೆಲ್ಲ ಎದ್ದು ನಿಂತರು. ಆ ಕುರ್ಚಿಗಳಿಂದ ಅವರು ಯಾವ ಹೆಂಗಸಿಗೂ ಎದ್ದದ್ದನ್ನು ನಾನು ಕಂಡಿಲ್ಲ. ಸತ್ತದ್ದು ಸಪ್ಪೆಯಲ್ಲ, ಮೊಳೆ ಎಂದೆ. ಹಾಗೇ ಕುಳಿತರು. ಒಬ್ಬ ನಕ್ಕು, ‘ಹಂಗಾದ್ರೆ ಅಕ್ಕಾ, ಇಬ್ರಲ್ಲಿ ಯಾರನ್ನ ಇಟ್ಕೊಂಡೆ?’ ಎಂದ. ಅವನ ಕಾಫಿಯನ್ನು ಅವನ ಮಡಿಲಿಗೇ ಸುರಿದು ಬಂದೆ. ಬೇಕಿದ್ದರೆ ಇದನ್ನೂ ಯಾರಾದರೂ ಗೋಡೆಗೆ ಅಂಟಿಸಲಿ.

ಗಡಿಯಾರದ ಗೋಪುರ, ಮೀನು ಕಟ್ಟೆ, ದೋಣಿ ಕಟ್ಟುವ ಹರಾನಿ ದಂಡೆ, ಎಲ್ಲ ಮುಗಿಸಿದೆ. ಹತ್ತೊಂಬತ್ತನೆಯದು ಹಡಗಿನ ಟಿಕೆಟ್ ಕಿಟಕಿಯ ಗಾಜಿಗಿತ್ತು. ಅದನ್ನು ಕೆರೆಯುತ್ತಿದ್ದಾಗ ಒಳಗಿನವನು ಸಮಾಧಾನದ ದನಿಯಲ್ಲಿ, ಪಿರೇಯಸ್‌ನ ತನ್ನ ಸೋದರಮಾವನಿಗೆ ಫೋನಿನಲ್ಲಿ ಚೀಟಿ ಓದಿ ಹೇಳಿದ್ದೇನೆ, ಪತ್ನಿಯ ಹೆಸರು ಸಮೇತ, ಅವರು ನಿನ್ನ ಅಕ್ಕನ ಮನೆಗೆ ಹೋಗಿ ತಿಳಿಸುತ್ತಾರೆ ಎಂದ. ಇಷ್ಟು ದೂರ ನಡೆದು, ಉಗುರು ಸವೆಸಿ, ಅದು ಕೊನೆಗೆ ನಿನ್ನ ಕಿವಿಗೇ ಹೋಗಿ ಮುಟ್ಟಿತು. ಅದಕ್ಕೇ ಈ ಪತ್ರ.

ನೀನು ನಗಬೇಡ. ಅಂದು ನಿನ್ನ ಹೆಸರಿನ ಸಂತನ ಹಬ್ಬಕ್ಕೆ ಬಂದವರ ಮುಂದೆ, ಈ ಮನೆ ನನ್ನಮ್ಮ ನನಗೆ ಕೊಟ್ಟದ್ದು, ಇಷ್ಟವಿಲ್ಲದವರು ಹೋಗಬಹುದು ಎಂದಿದ್ದೆ, ನಿಜ. ಈ ದ್ವೀಪದಲ್ಲಿ ಯಾವ ಮನೆ ಹೆಂಗಸಿನದಲ್ಲ ಹೇಳು? ಎಲ್ಲರ ಹೆಂಡಿರೂ ಒಮ್ಮೆಯಾದರೂ ಆ ಮಾತಾಡಿದ್ದಾರೆ. ಅವರ ಗಂಡಂದಿರು ಬಾಗಿಲು ಬಡಿದು ಕಾಫಿ ಅಂಗಡಿಗೆ ಹೋಗಿ ಊಟದ ಹೊತ್ತಿಗೆ ಹಿಂದಿರುಗಿದರು. ಹಡಗು ಹತ್ತಿದವನು ನೀನೊಬ್ಬನೇ. ಒಂದು ಮಾತಿಗೆ ಹನ್ನೊಂದು ವರ್ಷ! ನನಗೆ ಕೋಪ ಬಂದಿದೆ, ಬಹಳ ಕೋಪ ಬಂದಿದೆ, ಇದನ್ನು ನಿನ್ನ ಅಕ್ಕನಿಗೂ ಓದಿ ಹೇಳು.

ಶವ ಬಂದಿದೆ. ನಾಳೆ ಹತ್ತಕ್ಕೆ ಮಣ್ಣು. ಕಲ್ಲಿರೊಯಿ ನನ್ನನ್ನೂ ಬಾ ಎಂದಿದ್ದಾಳೆ, ಹೋಗುತ್ತೇನೆ.

ಯಾರ ವಿಧವೆಯೂ ಅಲ್ಲದ
ಸೆವಾಸ್ತಿ

ಮರೆತದ್ದು: ನಿನಗೆ ಬೇರೆ ಯಾರೋ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಪಾದ್ರಿಯದು ಒಂದೇ ತಪ್ಪು, ಸತ್ತವನು ಯಾರೆಂದು ತಿಳಿಯದ್ದು. ನಿನ್ನೆ ಸಂಜೆ ಅವರು, ಇಷ್ಟು ವರ್ಷ ಬೇರೆ ಇದ್ದಿರಿ, ಚೀಟಿಯಲ್ಲಿ ಪತ್ನಿಯೆಂದು ನಿನ್ನ ಹೆಸರು ಹಾಕಲೋ ಬೇಡವೋ ಎಂದು ಮೆಲ್ಲಗೆ ಕೇಳಿದರು. ಎಲ್ಲರಿಗಿಂತ ಮೊದಲು ಹಾಕಿ, ದೊಡ್ಡ ಅಕ್ಷರದಲ್ಲಿ ಹಾಕಿ ಎಂದದ್ದು ನಾನು. ರೋಡ್ಸ್‌ನ ಆಸ್ಪತ್ರೆ ಎಂದರಲ್ಲ ಅವರು. ಪಿರೇಯಸ್‌ನವನು ರೋಡ್ಸ್‌ವರೆಗೆ ಬಂದಿದ್ದಾನೆಂದರೆ, ಮನೆಗೇ ಬರುತ್ತಿದ್ದ ಎಂದುಕೊಂಡೆ.